ಬದಲಾಗುತ್ತಿರುವ ಕೆಲಸದ ಜಾಗ: ಕೇಳಿದವರು ಯಾರು, ಪಡೆದವರು ಯಾರು?

(ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ ‘ಉದ್ಯೋಗಿಗಳ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತಿರುವ ಕೆಲಸದ ಜಾಗ’. ನಾನು ಎಂ.ಟೆಕ್ ಮುಗಿಸಿ ಐ.ಟಿ. ಕ್ಷೇತ್ರಕ್ಕೆ ಬಂದವಳು. ಮನೆ ಇಲ್ಲೇ ಉಳ್ಳೂರಿನಲ್ಲಿ, ಕಚೇರಿ ಕಳಕೂಟದ ಟೆಕ್ನೋಪಾರ್ಕಿನಲ್ಲಿ. ಈ ಸಭೆಯಲ್ಲಿ ಇಸ್ರೋದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರಿದ್ದೀರಿ, ಮೆಡಿಕಲ್ ಕಾಲೇಜಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿದ್ದೀರಿ, ಬ್ಯಾಂಕು, ಶಾಲೆಗಳಲ್ಲಿ ದುಡಿಯುವವರಿದ್ದೀರಿ. ಮನೆಯನ್ನೇ ಪೂರ್ಣಾವಧಿ ನಡೆಸುವವರೂ ಇದ್ದೀರಿ. ಹಾಗಾಗಿ ಐ.ಟಿ. ಕಚೇರಿಯೊಂದರ ಬಗ್ಗೆ ಮಾತ್ರ ಹೇಳಿ ಕೂತರೆ ಅರ್ಧ ಸಭೆಗೆ ನಿದ್ದೆ ಬರುತ್ತದೆ. ಸ್ವಲ್ಪ ಹೊರಗಿನಿಂದಲೇ ಶುರು ಮಾಡುತ್ತೇನೆ.

ಬದಲಾದ ಕೆಲಸದ ಜಾಗ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೆಲವು ಫೋಟೊಗಳು. ಬಣ್ಣಬಣ್ಣದ ಸೋಫಾ, ಟೇಬಲ್ ಟೆನಿಸ್, ಜಿಮ್, ಉಚಿತ ಕಾಫಿ. 1990ರಲ್ಲಿ ಆರಂಭವಾದ ನಮ್ಮ ಟೆಕ್ನೋಪಾರ್ಕ್ ದೇಶದ ಮೊದಲ ಟೆಕ್ನಾಲಜಿ ಪಾರ್ಕ್. ಅಲ್ಲಿ ಇವೆಲ್ಲಕ್ಕೂ ಕೊರತೆಯಿಲ್ಲ. ನನಗೆ ಇವುಗಳ ಮೇಲೆ ಸಿಟ್ಟೂ ಇಲ್ಲ, ಕಾಫಿ ನಾನೂ ಕುಡಿಯುತ್ತೇನೆ. ಆದರೆ ಇವು ಕಂಪನಿ ತಾನಾಗಿ ಕೊಟ್ಟ ಸೌಕರ್ಯಗಳು. ಲಾಭ ಇಳಿದ ವರ್ಷ ಮೊದಲು ಹೋಗುವುದೂ ಇವೇ. ಅಗತ್ಯದ ಮಾತು ಬೇರೆ. ಒಂದು ಅಗತ್ಯ ನಿಜವಾಗಿ ಈಡೇರಬೇಕಾದರೆ ಮೂರು ಮೆಟ್ಟಿಲು ಹತ್ತಬೇಕು ಎಂದು ನನಗೆ ಅನ್ನಿಸಿದೆ. ಮೊದಲು ಯಾರಾದರೂ ಅದನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಅದು ನಿಯಮವಾಗಿ ಬರಹಕ್ಕೆ ಇಳಿಯಬೇಕು. ಕೊನೆಗೆ ಅದನ್ನು ಹೆದರಿಕೆಯಿಲ್ಲದೆ ಬಳಸುವಂತಾಗಬೇಕು. ಹೇಳುವುದು, ಬರೆಯುವುದು, ಬಳಸುವುದು. ಈ ಮೂರನ್ನು ನೆನಪಿಟ್ಟುಕೊಂಡರೆ ಇಂದಿನ ನನ್ನ ಮಾತು ಮುಗಿದ ಹಾಗೆಯೇ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ನಮ್ಮ ಕೇರಳದ್ದೇ. ಕೋಝಿಕ್ಕೋಡಿನ ಮಿಠಾಯಿ ತೆರುವು ಎಂಬ ಬೀದಿಯ ಹೆಸರು ಕೇಳಿರುತ್ತೀರಿ, ಕೆಲವರು ಅಲ್ಲಿ ಸೀರೆಯನ್ನೂ ಕೊಂಡಿರಬಹುದು. ಅಲ್ಲಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ದಿನವಿಡೀ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ. ಶೌಚಾಲಯದ ವ್ಯವಸ್ಥೆ ಇಲ್ಲದ್ದರಿಂದ ಎಷ್ಟೋ ಜನ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಕಾಲು ಊದುವುದು, ಮೂತ್ರದ ಸೋಂಕು ಇವೆಲ್ಲ ‘ಕೆಲಸ ಅಂದ ಮೇಲೆ ಇದ್ದದ್ದೇ’ ಎಂಬ ಲೆಕ್ಕ. ಅದೇ ಊರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬವರು ಈ ಹೆಂಗಸರನ್ನು ಒಟ್ಟುಗೂಡಿಸಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. ವರ್ಷಗಟ್ಟಲೆ ಹೋರಾಟ ನಡೆಯಿತು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಎಂದಿತು. 2021ರಲ್ಲಿ ತಮಿಳುನಾಡೂ ಇಂಥದೇ ಕಾನೂನು ಮಾಡಿತು. ವಿಜಿಯವರ ಹೆಸರು 2018ರ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಬಂತು.

ಯೋಚಿಸಿ ನೋಡಿ, ಒಂದು ಕುರ್ಚಿಗೆ ಎಷ್ಟು ದುಡ್ಡಾಗುತ್ತದೆ? ಅಡ್ಡಿಯಾಗಿದ್ದದ್ದು ದುಡ್ಡಲ್ಲ. ಹೆಂಗಸು ಕುಳಿತರೆ ಸೋಮಾರಿಯಂತೆ ಕಾಣುತ್ತಾಳೆ ಎಂಬ ನೋಟ ಅಡ್ಡಿಯಾಗಿತ್ತು.

ಇನ್ನೂ ಹಳೆಯ ಉದಾಹರಣೆ ಬೇಕೆಂದರೆ ಕಣ್ಣೂರು, ಕಾಸರಗೋಡಿನ ಕಡೆ ಹೋಗಬೇಕು. ಮಂಗಳೂರು ಮೂಲದ ಬೀಡಿ ಕಂಪನಿ 1968ರಲ್ಲಿ ಅಲ್ಲಿನ ಶೆಡ್ಡುಗಳನ್ನು ಮುಚ್ಚಿದಾಗ ಸಾವಿರಾರು ಜನ ಕೆಲಸ ಕಳೆದುಕೊಂಡರು. ಮರುವರ್ಷವೇ, 1969ರಲ್ಲಿ, ಕಾರ್ಮಿಕರದೇ ಸಹಕಾರ ಸಂಘವಾಗಿ ದಿನೇಶ್ ಬೀಡಿ ಹುಟ್ಟಿತು. ಆ ಭಾಗದ ಬೀಡಿ ಶೆಡ್ಡುಗಳಲ್ಲಿ ಒಂದು ಚಂದದ ಪದ್ಧತಿ ಇತ್ತು. ಕೈ ಬೀಡಿ ಕಟ್ಟುತ್ತಿರುವಾಗ ಕಿವಿಗೆ ಕೆಲಸ ಬೇಕಲ್ಲ! ಕಾರ್ಮಿಕರಲ್ಲೇ ಒಬ್ಬರು ಕೂತು ದಿನಪತ್ರಿಕೆಯನ್ನು, ಕಾದಂಬರಿಯನ್ನು ಜೋರಾಗಿ ಓದುವರು. ಓದುವವರ ಕೂಲಿ ಹೋಗದಂತೆ ಉಳಿದವರು ತಮ್ಮ ಬೀಡಿಗಳಲ್ಲಿ ಪಾಲು ಕೊಡುವರು. ಈಗ ನಾವು ‘ಉದ್ಯೋಗಿಗಳ ಕಲಿಕೆ’, ‘ಮನಸ್ಸಿನ ಆರೋಗ್ಯ’ ಎಂದು ದೊಡ್ಡ ಹೆಸರಿಟ್ಟು ನಡೆಸುವ ಕಾರ್ಯಕ್ರಮಗಳ ಅಜ್ಜಿ ಅದು. ಯಾವ ಮ್ಯಾನೇಜರೂ ಕೊಟ್ಟದ್ದಲ್ಲ, ದುಡಿಯುವವರೇ ಯೋಚಿಸಿ ಮಾಡಿಕೊಂಡದ್ದು.

ಈಗ ನಮ್ಮ ಕಾಲಕ್ಕೆ ಬರೋಣ. ಈ ಸಭೆಯಲ್ಲಿ ಬಹುತೇಕರಿಗೆ ತಟ್ಟಿರುವ ಬದಲಾವಣೆ ಹೆರಿಗೆ ರಜೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರ ಇದ್ದದ್ದು 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. ಮೂರು ತಿಂಗಳೊಳಗಿನ ಮಗುವನ್ನು ದತ್ತು ತೆಗೆದುಕೊಂಡ ತಾಯಿಗೂ ಆ ತಿದ್ದುಪಡಿ 12 ವಾರ ಕೊಟ್ಟಿತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಈ ನಿಯಮಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಅಕ್ಕಂದಿರಿಗೆ ಇದರ ಜೊತೆ ಮಕ್ಕಳ ಆರೈಕೆಗೆಂದು ಇಡೀ ಸೇವಾವಧಿಯಲ್ಲಿ 730 ದಿನಗಳ ರಜೆಯೂ ಇದೆ. ನಮ್ಮ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾದದ್ದು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶಿಶುಪಾಲನಾ ಕೇಂದ್ರ ಎಂಬುದು ಗಾಜಿನ ಕಟ್ಟಡದವರ ಸೊತ್ತಲ್ಲ ಎಂದು ಆ ಹೆಸರೇ ಹೇಳುತ್ತದೆ.

ಬರಹಕ್ಕೆ ಇಳಿದದ್ದಾಯಿತು. ಬಳಕೆಯ ಕತೆ ನನ್ನದನ್ನೇ ಹೇಳುತ್ತೇನೆ. ಮಗಳು ಹುಟ್ಟಿದಾಗ ನಾನು ಬೇರೊಂದು ಊರಿನ ಬೇರೊಂದು ಕಂಪನಿಯಲ್ಲಿದ್ದೆ. 26 ವಾರ ರಜೆ ಸಿಕ್ಕಿತು, ಸಂಬಳವೂ ಬಂತು, ಒಂದು ಪೈಸೆ ಕಡಿತವಿಲ್ಲ. ಮರಳಿ ಹೋದ ಮೇಲೆ ವಾರ್ಷಿಕ ಮೌಲ್ಯಮಾಪನ ಬಂತು. ತಂಡದಲ್ಲೇ ಕಡಿಮೆ ಅಂಕ ನನಗೆ. ಯಾಕೆಂದು ಕೇಳಿದೆ. ಮ್ಯಾನೇಜರು ಕೆಟ್ಟವರೇನಲ್ಲ, ನಗುತ್ತಲೇ ಹೇಳಿದರು: ‘ನೀವು ಆರು ತಿಂಗಳು ಇರಲಿಲ್ಲವಲ್ಲ, ಎಲ್ಲರ ಜೊತೆ ಹೇಗೆ ಹೋಲಿಸಲಿ?’ ಬಡ್ತಿ ತಪ್ಪಿತು. ನಾನು ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಪತ್ರ ಬರೆದೆ. ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ರಜೆ ಕಾನೂನುಬದ್ಧ ಎಂದಾದರೆ, ಕೆಲಸ ಮಾಡಿದ ತಿಂಗಳುಗಳ ಕೆಲಸವನ್ನು ಮಾತ್ರ ಅಳೆಯಬೇಕಲ್ಲವೇ? ನನ್ನ ಅಂಕ ಬದಲಾಗಲಿಲ್ಲ. ಆದರೆ ಮುಂದಿನ ವರ್ಷದ ನಮೂನೆಯಲ್ಲಿ ‘ದೀರ್ಘ ರಜೆಯ ಅವಧಿಯನ್ನು ಹೊರತುಪಡಿಸಿ’ ಎಂಬ ಸಾಲೊಂದು ಸೇರಿತು. ನನ್ನ ನಂತರ ಹೆರಿಗೆಗೆ ಹೋದ ಇಬ್ಬರಿಗೆ ಅದರಿಂದ ಉಪಯೋಗವಾಯಿತು. ನನಗೆ ತಪ್ಪಿದ ಬಡ್ತಿಯ ವ್ಯತ್ಯಾಸ ಇಂದಿಗೂ ಪ್ರತಿ ತಿಂಗಳ ಸಂಬಳದಲ್ಲಿ ಕಾಣುತ್ತದೆ. ಅದನ್ನು ನೋಡಿದಾಗ ಬೇಸರವಾಗುವುದು ನಿಜ, ಆ ಸಾಲನ್ನು ನೆನೆದಾಗ ಸಮಾಧಾನವಾಗುವುದೂ ನಿಜ.

ಇನ್ನು 2020. ಮಾರ್ಚಿನ ಲಾಕ್‌ಡೌನ್ ಬಂದಾಗ, ‘ಮನೆಯಿಂದ ಕೆಲಸ ಸಾಧ್ಯವೇ ಇಲ್ಲ’ ಎನ್ನುತ್ತಿದ್ದ ಕಚೇರಿಗಳು ಕೆಲವೇ ದಿನಗಳಲ್ಲಿ ಮನೆಗೆ ಬಂದುಬಿಟ್ಟವು. ಎಷ್ಟೋ ವರ್ಷಗಳಿಂದ ಅಂಗವಿಕಲ ಉದ್ಯೋಗಿಗಳು, ಚಿಕ್ಕ ಮಕ್ಕಳ ತಾಯಂದಿರು ಕೇಳುತ್ತಿದ್ದದ್ದು, ಎಲ್ಲರಿಗೂ ಬೇಕಾದಾಗ ಒಂದೇ ವಾರದಲ್ಲಿ ಸಿಕ್ಕಿತು. ಇದರಿಂದ ನಮಗೆ ಸಿಕ್ಕ ಲಾಭ ದೊಡ್ಡದು. ಉಳ್ಳೂರಿನಿಂದ ಶ್ರೀಕಾರ್ಯಂ, ಕಾರ್ಯವಟ್ಟಂ ದಾಟಿ ಕಳಕೂಟಕ್ಕೆ ಇರುವುದು ಹತ್ತು ಕಿಲೋಮೀಟರ್ ಆಸುಪಾಸು. ಆದರೆ ಶ್ರೀಕಾರ್ಯಂ ಜಂಕ್ಷನ್ನಿನ ದಟ್ಟಣೆಯಲ್ಲಿ ಕೂತವರಿಗೇ ಗೊತ್ತು ಆ ದೂರ ಎಷ್ಟೆಂದು. ವಾರಕ್ಕೆ ಎರಡು ದಿನ ಆ ದಾರಿ ಉಳಿದರೆ ನಾಲ್ಕು ತಾಸು ಮಗಳಿಗೆ ಸಿಗುತ್ತದೆ. ಧಾರವಾಡದಲ್ಲೋ ಹಾಸನದಲ್ಲೋ ಇರುವ ಅಪ್ಪ-ಅಮ್ಮನಿಗೆ ಹುಷಾರಿಲ್ಲದಾಗ ಲ್ಯಾಪ್‌ಟಾಪ್ ಹಿಡಿದು ರೈಲು ಹತ್ತಬಹುದು. ಹೊರನಾಡಿನಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ.

ಆದರೆ ಕಚೇರಿ ಮನೆಗೆ ಬಂದ ಅತಿಥಿಯಂತೆ ಸಂಜೆ ಎದ್ದು ಹೋಗಲಿಲ್ಲ. ಅಲ್ಲೇ ಉಳಿದುಬಿಟ್ಟಿತು. ಅಮೆರಿಕದ ಗ್ರಾಹಕರ ಜೊತೆ ರಾತ್ರಿ ಒಂಬತ್ತಕ್ಕೆ ಮಾತುಕತೆ, ಹತ್ತಕ್ಕೆ ಸಂದೇಶ, ಬೆಳಗ್ಗೆ ಏಳಕ್ಕೆ ‘ನೋಡಿದಿರಾ?’ ಎಂಬ ಇನ್ನೊಂದು ಸಂದೇಶ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಅವಧಿ ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲಿ ಗಾಳಿ ಬೀಸಿದ್ದು ಬೇರೆ ದಿಕ್ಕಿಗೆ. 2024ರಲ್ಲಿ ಕರ್ನಾಟಕದ ಐ.ಟಿ. ಕ್ಷೇತ್ರದಲ್ಲಿ ದಿನಕ್ಕೆ 14 ಗಂಟೆಯವರೆಗೆ ಕೆಲಸಕ್ಕೆ ಅವಕಾಶ ಕೊಡುವ ಪ್ರಸ್ತಾವ ಬಂದಾಗ ಅಲ್ಲಿನ ಐ.ಟಿ. ನೌಕರರ ಸಂಘ ಬಲವಾಗಿ ವಿರೋಧಿಸಿತು. ದಿನಕ್ಕೆ ಇರುವುದು 24 ಗಂಟೆ. 14 ಗಂಟೆ ಕೆಲಸ, ಎರಡು ಗಂಟೆ ದಾರಿ, ಏಳು ಗಂಟೆ ನಿದ್ದೆ. ಉಳಿದ ಒಂದು ಗಂಟೆಯಲ್ಲಿ ಅಡುಗೆ ಮಾಡುವವರು ಯಾರು, ಮಗುವಿನ ಹೋಂವರ್ಕ್ ನೋಡುವವರು ಯಾರು? ಇಂಥ ಲೆಕ್ಕ ಹಾಕುವವರ ಮನೆಯಲ್ಲಿ ಖಂಡಿತ ಇನ್ನೊಬ್ಬರು ಬೇರೇನೂ ಮಾಡದೆ ಮನೆ ನೋಡಿಕೊಳ್ಳುತ್ತಿರುತ್ತಾರೆ.

ಈಚೆಗೆ ಹೆಚ್ಚು ಚರ್ಚೆಯಾದ ವಿಷಯ ಮುಟ್ಟಿನ ರಜೆ. ಹಿಂದೆ ಸಭೆಯಲ್ಲಿ ಈ ಪದ ಹೇಳಲೂ ಹಿಂಜರಿಯುತ್ತಿದ್ದೆವು, ಇಂದು ಹೇಳುತ್ತಿದ್ದೇವೆ, ಅದೇ ಒಂದು ಬದಲಾವಣೆ. ಬಿಹಾರದಲ್ಲಿ ಸರ್ಕಾರಿ ಮಹಿಳಾ ನೌಕರರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ವಿಶೇಷ ರಜೆ ಇದೆ. 2023ರ ಜನವರಿಯಲ್ಲಿ ಮೊದಲು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅದರ ಬೆನ್ನಿಗೇ ಕೇರಳದ ಉಳಿದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿನಿಯರ ಹಾಜರಾತಿಯಲ್ಲಿ ಇದಕ್ಕಾಗಿ ವಿನಾಯಿತಿ ಕೊಟ್ಟವು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಸರ್ಕಾರಿ, ಖಾಸಗಿ ಎರಡೂ ವಲಯಗಳಿಗೆ ವರ್ಷಕ್ಕೆ 12 ದಿನ, ಅಂದರೆ ತಿಂಗಳಿಗೊಂದು ದಿನ, ವೇತನಸಹಿತ ರಜೆಗೆ ಒಪ್ಪಿತು. ಇದೇನು ಹೊಸ ಕಾಲದ ನಾಜೂಕು ಎನ್ನುವವರಿಗೆ ಒಂದು ಹಳೆಯ ಸಂಗತಿ: ಕೊಚ್ಚಿಯ ಬಳಿಯ ತ್ರಿಪ್ಪೂಣಿತುರದ ಸರ್ಕಾರಿ ಬಾಲಕಿಯರ ಶಾಲೆಯಲ್ಲಿ 1912ರಲ್ಲೇ, ಮುಟ್ಟಿನ ಕಾರಣಕ್ಕೆ ಪರೀಕ್ಷೆ ತಪ್ಪಿದವರಿಗೆ ಆಮೇಲೆ ಬರೆಯಲು ಅವಕಾಶ ಕೊಡಲಾಗಿತ್ತು. ಅಲ್ಲಿನ ಮುಖ್ಯೋಪಾಧ್ಯಾಯರು ಮೇಲಧಿಕಾರಿಗಳ ಬಳಿ ಕೇಳಿ ಪಡೆದದ್ದು ಅದು. ನೋಡಿ, ಇಲ್ಲಿಯೂ ಯಾರೋ ಒಬ್ಬರು ಕೇಳಿದ್ದಾರೆ.

ಈ ರಜೆಯ ವಿಷಯದಲ್ಲಿ ಹೆಂಗಸರಲ್ಲೇ ಎರಡು ಅಭಿಪ್ರಾಯವಿದೆ. ‘ಹೀಗೆ ರಜೆ ಕೇಳಿದರೆ ನಮ್ಮನ್ನು ಕೆಲಸಕ್ಕೇ ತೆಗೆದುಕೊಳ್ಳಲಿಕ್ಕಿಲ್ಲ’ ಎಂದು ನನ್ನ ಸಹೋದ್ಯೋಗಿಯೊಬ್ಬಳು ಹೇಳಿದಳು. ಆ ಭಯ ಸುಳ್ಳಲ್ಲ. ಹೆರಿಗೆ ರಜೆ 26 ವಾರವಾದಾಗಲೂ ಇದೇ ಭಯ ಇತ್ತು, ಯಾಕೆಂದರೆ ಆ ಸಂಬಳದ ಹೊರೆ ಬಹುಪಾಲು ಕಂಪನಿಯ ಮೇಲೇ ಬೀಳುತ್ತದೆ. ನನಗೆ ತೋರುವ ಉತ್ತರ ಇದು: ಹೊರೆ ಹೆಣ್ಣಿನ ಹೆಸರಿನಲ್ಲಿ ಮಾತ್ರ ಬರೆದಿರುವವರೆಗೆ ಭಯ ಹೋಗುವುದಿಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ ಮಗು ಹುಟ್ಟಿದಾಗ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ, ಕೊಟ್ಟರೆ ಕಂಪನಿಯ ದಯೆ. ಅಪ್ಪನೂ ರಜೆ ತೆಗೆದುಕೊಳ್ಳುತ್ತಾನೆ ಎಂದಾದ ದಿನ, ಕೆಲಸಕ್ಕೆ ತೆಗೆದುಕೊಳ್ಳುವವರು ಹುಡುಗಿಯನ್ನು ನೋಡಿ ಲೆಕ್ಕ ಹಾಕುವುದನ್ನು ಬಿಡುತ್ತಾರೆ.

ಇದಕ್ಕೊಂದು ಸಣ್ಣ ಸಾಕ್ಷಿ ಈಗಿನ ನನ್ನ ಕಚೇರಿಯಲ್ಲೇ ಸಿಕ್ಕಿತು. ಶಿಶುಪಾಲನಾ ಕೇಂದ್ರ ಸಂಜೆ ಆರಕ್ಕೆ ಮುಚ್ಚುತ್ತಿತ್ತು, ನಮ್ಮ ಕೆಲಸ ಮುಗಿಯುವುದು ಏಳಕ್ಕೆ. ಏಳು ಜನ ತಾಯಂದಿರು ಸಹಿ ಹಾಕಿ ಒಂದು ಪುಟದ ಮನವಿ ಕೊಟ್ಟೆವು. ಎರಡು ತಿಂಗಳು ಉತ್ತರವಿಲ್ಲ. ಮತ್ತೆ ಬರೆದಾಗ ಇಬ್ಬರು ಅಪ್ಪಂದಿರೂ ಸಹಿ ಹಾಕಿದರು. ಎರಡು ವಾರದಲ್ಲಿ ಕೇಂದ್ರ ಏಳೂವರೆಯವರೆಗೆ ತೆರೆಯಿತು! ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಆದರೆ ಪಾಠ ಸ್ಪಷ್ಟ. ‘ಹೆಂಗಸರ ಸಮಸ್ಯೆ’ ಎಂದಿದ್ದದ್ದು ‘ಉದ್ಯೋಗಿಗಳ ಸಮಸ್ಯೆ’ ಆದ ಕೂಡಲೇ ಪರಿಹಾರ ಹತ್ತಿರವಾಯಿತು.

ಕೆಲಸದ ಜಾಗ ಒಂದೇ ಬದಲಾದರೆ ಸಾಲದು ಎಂಬುದಕ್ಕೂ ನಮ್ಮ ಕೊಚ್ಚಿಯೇ ಉದಾಹರಣೆ. 2017ರಲ್ಲಿ ಕೊಚ್ಚಿ ಮೆಟ್ರೊ ಆರಂಭವಾದಾಗ, ಲಿಂಗಪರಿವರ್ತಿತರನ್ನು ಕುಟುಂಬಶ್ರೀಯ ಮೂಲಕ ಕೆಲಸಕ್ಕೆ ತೆಗೆದುಕೊಂಡದ್ದು ದೇಶವೇ ಮೆಚ್ಚಿದ ಹೆಜ್ಜೆ. ಆದರೆ ಕೆಲವರು ಬೇಗನೇ ಕೆಲಸ ಬಿಡಬೇಕಾಯಿತು. ಕೆಲಸ ಕಷ್ಟವಾಗಿತ್ತೆಂದಲ್ಲ, ಊರಲ್ಲಿ ಅವರಿಗೆ ಬಾಡಿಗೆ ಮನೆ ಕೊಡುವವರಿರಲಿಲ್ಲ. ಕಚೇರಿಯ ಬಾಗಿಲು ತೆರೆದಿತ್ತು, ಮನೆಗಳ ಬಾಗಿಲು ಮುಚ್ಚಿತ್ತು.

ಇಲ್ಲಿಗೆ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತಿಗೆ ಬಂದೆ. ಇಷ್ಟು ಹೊತ್ತು ನಾವು ಉದ್ಯೋಗಿಗಳಾಗಿ ಯೋಚಿಸಿದೆವು. ಆದರೆ ಈ ಸಭೆಯಲ್ಲಿರುವ ಬಹಳಷ್ಟು ಜನ ಉದ್ಯೋಗದಾತರೂ ಹೌದು. ನಮ್ಮ ಮನೆಗೆ ಪಾತ್ರೆ ತೊಳೆಯಲು, ಅಡುಗೆ ಮಾಡಲು, ಮಗುವನ್ನೋ ಹಿರಿಯರನ್ನೋ ನೋಡಿಕೊಳ್ಳಲು ಬರುವ ಚೇಚಿಗೆ ನಮ್ಮ ಮನೆಯೇ ಕೆಲಸದ ಜಾಗ. ನಾವು ಕಂಪನಿಯಿಂದ ಕೇಳುವ ಪ್ರತಿಯೊಂದನ್ನೂ ಅವರು ನಮ್ಮಿಂದ ಕೇಳಬಹುದು. ವಾರದ ರಜೆ ಇದೆಯೇ? ಹುಷಾರಿಲ್ಲದ ದಿನ ಸಂಬಳ ಕಡಿತವೇ? ಕೂರಲು ಕುರ್ಚಿ ಇದೆಯೇ, ಇಲ್ಲ ನೆಲವೇ? ಶೌಚಾಲಯ ಬಳಸಬಹುದೇ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲೇ ಮನೆಗೆಲಸದವರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿ, ವಾರಕ್ಕೆ ಕನಿಷ್ಠ ಸತತ 24 ಗಂಟೆ ವಿಶ್ರಾಂತಿ ಬೇಕೆಂದು ಹೇಳಿದೆ. ನಮ್ಮ ದೇಶ ಇನ್ನೂ ಅದನ್ನು ಅನುಮೋದಿಸಿಲ್ಲ. ಆದರೆ ನಮ್ಮ ಮನೆಯಲ್ಲಿ ನಾವು ಸಹಿ ಹಾಕಲು ದೆಹಲಿಯ ಅಪ್ಪಣೆ ಬೇಕಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಎಂಟು ಮನೆಯವರು ಸೇರಿ ಇದನ್ನು ಮಾಡಿದ್ದೇವೆ. ಭಾನುವಾರ ರಜೆ, ವರ್ಷಕ್ಕೆ 12 ದಿನ ಸಂಬಳಸಹಿತ ರಜೆ, ಓಣಂಗೆ ಒಂದು ತಿಂಗಳ ಬೋನಸ್. ಇದನ್ನು ಮಲಯಾಳಂನಲ್ಲಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಂಡಿದ್ದೇವೆ. ಹಾಳೆ ಕೈಗೆ ಬಂದಾಗ ನಮ್ಮ ಚೇಚಿ ಮೊದಲು ಕೇಳಿದ್ದು, ‘ರಜೆ ತೆಗೆದುಕೊಂಡರೆ ಬೇರೆಯವರನ್ನು ಇಟ್ಟುಕೊಳ್ಳುವುದಿಲ್ಲ ತಾನೆ?’ ನನ್ನ ಸಹೋದ್ಯೋಗಿ ಕೇಳಿದ್ದೂ ಅದೇ ಪ್ರಶ್ನೆ, ಭಾಷೆ ಮಾತ್ರ ಬೇರೆ. ಆ ಪ್ರಶ್ನೆಗೆ ಹಾಳೆ ಉತ್ತರಿಸುವುದಿಲ್ಲ, ನಾವು ನಡೆದು ತೋರಿಸಬೇಕು. ಆರು ತಿಂಗಳ ಮೇಲೆ, ತಮ್ಮ ಮಗಳ ಶಾಲೆಯ ಕಾರ್ಯಕ್ರಮಕ್ಕೆಂದು ಅವರು ಮೊದಲ ರಜೆ ಕೇಳಿದರು.

ಹಾಗಾಗಿ ಈ ವೇದಿಕೆಯ ಅಕ್ಕ-ತಂಗಿಯರಲ್ಲಿ ನನ್ನ ವಿನಂತಿ ಎರಡೇ. ಕಚೇರಿಗೆ ಹೋಗುವವರು ನಿಮ್ಮ ಕಂಪನಿಯ ರಜೆ, ಶಿಶುಪಾಲನೆ, ಮೌಲ್ಯಮಾಪನದ ನಿಯಮಗಳನ್ನು ಒಮ್ಮೆ ಕೂತು ಓದಿ. ಬೇಕಾದದ್ದು ಇಲ್ಲವಾದರೆ ಒಬ್ಬರೇ ಗೊಣಗದೆ ನಾಲ್ವರು ಸೇರಿ, ಗಂಡಸರನ್ನೂ ಸೇರಿಸಿಕೊಂಡು, ಬರೆದು ಕೇಳಿ. ಅತ್ತರೇ ಅಮ್ಮನೂ ಹಾಲು ಕೊಡುವುದು ಎಂಬ ಮಾತು ನಮ್ಮ ಹಿರಿಯರದೇ. ಮನೆಯಲ್ಲಿ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡಿರುವವರು ಮುಂದಿನ ತಿಂಗಳ ಸಂಬಳ ಕೊಡುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಹೇಗೆ ಬರೆಯುವುದೆಂದು ತೋಚದಿದ್ದರೆ ನಮ್ಮ ಹಾಳೆಯ ಪ್ರತಿ ನನ್ನ ಕೈಚೀಲದಲ್ಲಿದೆ. ಊಟಕ್ಕೆ ಕೂತಾಗ ಕೇಳಿ, ಕೊಡುತ್ತೇನೆ.